ನಿಲ್ಲಲಿ

ನವೆಂಬರಿನ ಬೆಳಗು, ಸುರ್ಮೆನೆಯ ದಕ್ಕೆ.
ದೋಣಿಯ ಹೊಟ್ಟೆಯೊಳಗೆ ಮೊಣಕೈಯೂರಿ ಮಲಗಿ
ಹಳೆಯ ಪಂಪಿನ ನಾಲ್ಕು ಬೋಲ್ಟು ಬಿಚ್ಚಿದೆ.
ಒಳಗಿನ ರಬ್ಬರು ಚಕ್ರಕ್ಕೆ ಆರು ರೆಕ್ಕೆ ಇರಬೇಕು.
ಇದ್ದದ್ದು ಎರಡೂವರೆ.
ಉಳಿದ ಚೂರು ಕೊಳವೆಯ ಯಾವ ತಿರುವಿನಲ್ಲೋ
ಇಲಿಮರಿಗಳ ಹಾಗೆ ಅಡಗಿ ಕೂತಿವೆ.

ಮೇಲಿನಿಂದ ದುರ್ಸುನ್ ಕ್ಯಾಪ್ಟನ್ನರ ಕೆಮ್ಮು, ಆಮೇಲೆ ಮಾತು:
"ಹೊಸ ಚಕ್ರ ಹಾಕಿ ಮುಚ್ಚಿಬಿಡು, ಮ್ಯುಯೆಸ್ಸರ್.
ನಲವತ್ತು ವರ್ಷ ತನ್ನ ನೀರು ತಾನೇ ಎಳೆದು ಕುಡಿದದ್ದು,
ಮುಪ್ಪಿನಲ್ಲಿ ಬೇರೆಯವರು ಕುಡಿಸಬೇಕೆ?"

ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ.
ಹಳೆಯದು ಬೆಲ್ಟಿನಿಂದ ಎಂಜಿನ್ನಿಗೆ ಕಟ್ಟಿಕೊಂಡ ಜೀವ,
ಅದು ಓಡಿದರೆ ಓಡಿತು, ನಡೆದರೆ ನಡೆಯಿತು.
ತೊಂದರೆಯೂ ಅಲ್ಲೇ.
ಹಂಸಿ ಮೀನಿಗೆ ಬಲೆ ಬಿಟ್ಟ ರಾತ್ರಿ
ಎಂಜಿನ್ನು ಗಂಟೆಗಟ್ಟಲೆ ತೂಕಡಿಸುತ್ತದೆ,
ಜೊತೆಗೆ ಪಂಪೂ ತೂಕಡಿಸುತ್ತದೆ,
ಕಬ್ಬಿಣವೊಂದೇ ಎದ್ದು ಕೂತು
ಕಾಯುತ್ತದೆ.

ನನ್ನ ಚೀಲದಲ್ಲಿದ್ದದ್ದು ಚಹಾ ಕೆಟಲಿನಷ್ಟು ದೊಡ್ಡದು.
ಎರಡು ತಂತಿ, ಒಂದು ಕೆಂಪು, ಒಂದು ಕಪ್ಪು.
ಅದಕ್ಕೆ ಎಂಜಿನ್ನಿನ ನಿದ್ದೆ ಎಚ್ಚರದ ಹಂಗಿಲ್ಲ,
ಬ್ಯಾಟರಿಯಲ್ಲಿ ಉಸಿರಿದ್ದರೆ ಸಾಕು.

"ಆದರೆ ಒಂದು," ಅಂದೆ, ತಂತಿಯ ತುದಿ ಹಲ್ಲಿನಲ್ಲಿ ಸುಲಿಯುತ್ತ,
"ಎಂಜಿನ್ನು ಹತ್ತುವ ಮುಂಚೆ ಇದನ್ನು ಓಡಬಿಟ್ಟಿರೋ,
ನೀರು ಹೊಗೆಕೊಳವೆ ತುಂಬುತ್ತದೆ.
ಅಲ್ಲಿಂದ ಹಿಂದಕ್ಕೇರಿ ಸಿಲಿಂಡರಿಗಿಳಿಯುತ್ತದೆ.
ದೋಣಿ ಮುಳುಗದೆ
ಎಂಜಿನ್ನೊಂದೇ ಮುಳುಗುತ್ತದೆ, ದಕ್ಕೆಗೆ ಕಟ್ಟಿದ ಹಾಗೇ."

ಅವರು ಏಣಿ ಇಳಿದು ಬಂದರು. ಇಳಿಯುವವರಲ್ಲ ಸಾಮಾನ್ಯವಾಗಿ.
ಸ್ವೆಟರಿನ ಕತ್ತು ಜಗ್ಗಿ ತೋರಿಸಿದರು:
ಎದೆಯ ನಡುವೆ ಗೇಣುದ್ದ ಹೊಲಿಗೆ,
ಬಲೆ ನೇಯುವವನು ಅವಸರದಲ್ಲಿ ಹಾಕಿದ ಹಾಗೆ.

"ಟ್ರಾಬ್ಜಾನಿನಲ್ಲಿ ಹೋದ ಚಳಿಗಾಲ.
ಎಪ್ಪತ್ತು ನಿಮಿಷ ನನ್ನದು ನಿಂತಿತ್ತಂತೆ.
ಹೊರಗೆ ಯಾವುದೋ ಪಂಪು ಓಡುತ್ತಿತ್ತು.
ಅಂದಿನಿಂದ ಕೇಳಬೇಕು ಅಂತಿದ್ದೇನೆ,
ಅದರ ಗುಂಡಿಯ ಮೇಲೆ ಕೈಯಿಟ್ಟವರು ಯಾರು?
ಹೆಸರೇನು? ಆ ಬೆಳಗ್ಗೆ ಏನಾದರೂ ತಿಂದಿದ್ದರೆ?"

ನನಗೆ ಗೊತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದೂ ಉತ್ತರವಲ್ಲ.

ಈ ದೋಣಿಯ ಹೆಸರು ಹಾನಿಫೆ, ಅವರ ತಾಯಿಯದು.
ಹಾನಿಫೆಗೆ ಮೂರು ಹುಟ್ಟಿ ಮೂರೂ ನಿಲ್ಲಲಿಲ್ಲ.
ನಾಲ್ಕನೆಯದರ ಕಿವಿಯಲ್ಲಿ ದುರ್ಸುನ್ ಎಂದು ಹೆಸರಿಟ್ಟರು:
ಇದಾದರೂ ನಿಲ್ಲಲಿ.
ಅದೇ ಮಾತನ್ನು ಈ ಕರಾವಳಿಯಲ್ಲಿ
ಕೆಟ್ಟ ಗಾಳಿಗೂ ಹೇಳುತ್ತಾರೆ, ಜಗಳಕ್ಕೂ, ಹಲ್ಲುನೋವಿಗೂ:
ನಿಲ್ಲಲಿ, ಸಾಕು.

"ಇದಕ್ಕೆ ಹಾಗೆ ಬೇಡ," ಅಂದರು, ಎಂಜಿನ್ನಿನ ತಲೆ ತಟ್ಟಿ.
"ಇದು ನಿಂತರೆ ಅದೂ ನಿಲ್ಲಬೇಕು."

ಮಧ್ಯಾಹ್ನವೆಲ್ಲ ಅದೇ ಕೆಲಸ ಮಾಡಿದೆ.
ಎಣ್ಣೆಯ ಒತ್ತಡ ಏರಿದ ಮೇಲೇ ಕೂಡುವ ಒಂದು ಸ್ವಿಚ್ಚು,
ಹೆಬ್ಬೆರಳಿನಷ್ಟು, ಹಿತ್ತಾಳೆಯದು.
ಬೆಲ್ಟು ಹೋಯಿತು, ನಂಟು ಹೋಗಲಿಲ್ಲ.
ಈಗದು ತಂತಿಯೊಳಗಿದೆ, ಕಾಣುವುದಿಲ್ಲ, ಅಷ್ಟೆ.
ಎರಡು ಸಲ ಫ್ಯೂಸು ಸುಟ್ಟೆ. ಅದನ್ನು ಹೇಳಲಿಲ್ಲ.

ಸಂಜೆ ಎಂಜಿನ್ನು ಹತ್ತಿತು.
ಹಿಂಭಾಗದಲ್ಲಿ ಬಾಗಿ ಹೊಗೆಕೊಳವೆಯ ಬಾಯಿಗೆ ಅಂಗೈಯೊಡ್ಡಿದೆ.
ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ
ಉಗುಳಿತು ನೋಡಿ,
ಕಪ್ಪುಸಮುದ್ರದ ನೀರು, ಕೈತೊಳೆಯುವಷ್ಟು ಬೆಚ್ಚಗೆ.
ಗುಡ್ಡದ ಪೈನು ಮರಗಳ ಕೆಳಗೆ
ಯಾರದೋ ಮನೆಯ ದೀಪ ಹತ್ತಿತು.

ಕೀಲಿ ತಿರುಗಿಸಿದರು. ಒಂದು ಟಕ್ಕು.
ಕೊಳವೆಯ ತುದಿಯಲ್ಲಿ ಹನಿ, ಮತ್ತೊಂದು ಹನಿ.
ಚುಕ್ಕಾಣಿ ಕೋಣೆಯಿಂದ ಕೂಗಿದರು:
"ನಿಂತಿತೆ?"
"ನಿಂತಿತು," ಅಂದೆ. "ಎರಡೂ."
ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.
"ಹಾಗಾದರೆ ಇರಲಿ.
ಚಹಾ ಆರುತ್ತಿದೆ, ಬಾ."