ಬಿಟ್ಟ ಸ್ಥಳ ತುಂಬಿರಿ

ಫೋರ್ಟಿನ ರಾತ್ರಿಶಾಲೆಯಲ್ಲಿ ಎಂಟೂವರೆಗೆ ಇಂಗ್ಲಿಷು.
ಬೆರಳ ಸಂದಿಯಲ್ಲಿ ಇನ್ನೂ ಉದ್ದಿನ ಹಿಟ್ಟು,
ಬೆಂಚಿನಲ್ಲಿ ಮೂವರಿಗೆ ಒಂದು ಪುಸ್ತಕ,
ಅದರಲ್ಲೂ ನಡುವಿನವನಿಗೆ ನಿದ್ದೆ.

ಬಂಗೇರ ಮಾಸ್ತರು ಹಗಲು ಬಂದರಿನ ಗುಮಾಸ್ತರು.
ಬೋರ್ಡಿಗೆ ಗೆರೆ ಎಳೆದು ಎರಡು ಪಾಲು ಮಾಡಿದರು:
ಈಚೆ ಸಿನ್ಸ್, ಆಚೆ ಫಾರ್.
'ಸಿನ್ಸ್ ಅಂದರೆ ಮೊಳೆ. ಒಂದು ತಾರೀಖಿಗೆ ಹೊಡೆಯೋದು.
ಫಾರ್ ಅಂದರೆ ಹಗ್ಗ. ಎಷ್ಟುದ್ದ ಅಂತಷ್ಟೇ ಹೇಳ್ತದೆ,
ಎಲ್ಲಿ ಕಟ್ಟಿದ್ದು ಅಂತ ಕೇಳಬೇಡಿ.'

ಐತಪ್ಪ ಎದ್ದು ನಿಂತ.
'ಐ ಆಮ್ ವಾಶಿಂಗ್ ಕಪ್ ಸಿನ್ಸ್ ಫೋರ್ ಇಯರ್ಸ್.'
ಒಂದೇ ವಾಕ್ಯದಲ್ಲಿ ಮೂರು ತಪ್ಪು,
ಮೂರು ಕಪ್ಪು ಒಡೆದಿದ್ದರೆ ಸಂಬಳದಲ್ಲಿ ಮುರಿಯುತ್ತಿದ್ದರು.
ಇಲ್ಲಿ ಮಾಸ್ತರು ಸುಮ್ಮನೆ ತಿದ್ದಿದರು:
'ನಾಲ್ಕು ವರ್ಷಕ್ಕೆ ಫಾರ್.
ಸಿನ್ಸೇ ಬೇಕಾದರೆ, ಬಂದ ದಿನ ಹೇಳು.'

ಬಂದ ದಿನ?
ಹಡಗಿನಲ್ಲಿ ವಾಂತಿಯಾಗಿತ್ತು, ಮಾವ ಕೈ ಹಿಡಿದಿದ್ದ,
ಭಾವುಚಾ ಧಕ್ಕೆಯಲ್ಲಿ ಯಾರೋ ಕಲ್ಲಂಗಡಿ ಕೊಯ್ಯುತ್ತಿದ್ದರು.
ತಾರೀಖು ಅವನಿಗೆ ಯಾರೂ ಹೇಳಿರಲಿಲ್ಲ.

'ಹಾಗಾದರೆ ನಂಗೆ ಫಾರೇ ಇರಲಿ ಸಾರ್.'
ಕೂತವನು ಮತ್ತೆ ಎದ್ದ.
'ಫಾರ್ ಅಂದರೆ ಸಲುವಾಗಿ ಅಂತಲೂ ಅಲ್ವಾ?
ಹೋದ ವಾರ ನೀವೇ ಹೇಳಿದ್ದು.
ನಾಲ್ಕು ವರ್ಷದ ಸಲುವಾಗಿ ತೊಳೆದೆ ಅಂತಾಗ್ತದಾ?'
ನಾವು ನಕ್ಕೆವು. ಮಾಸ್ತರು ನಗಲಿಲ್ಲ,
ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಿಸಿದರು.
'ಸಿನ್ಸಿಗೂ ಎರಡು ಬಾಯಿ ಮಾರಾಯ.
ಬಂದಾಗಿನಿಂದ ಅಂತಲೂ ಆಗ್ತದೆ,
ಬಂದದ್ದರಿಂದ ಅಂತಲೂ.'
ಅಷ್ಟರಲ್ಲಿ ಗಂಟೆ.

ಟ್ರಾಮಿನ ಕಾಸು ಉಳಿಸಿ ನಡೆಯುತ್ತ
ನಾನು ಕನ್ನಡದಲ್ಲಿ ಲೆಕ್ಕ ಹಾಕಿದೆ:
ಊರಿಂದ, ನಿನ್ನೆಯಿಂದ, ನಾಲ್ಕು ವರ್ಷದಿಂದ,
ಹಸಿವಿನಿಂದ, ಮಾವನಿಂದ.
ಒಂದೇ ಇಂದ. ಮೊಳೆಯೂ ಅದೇ, ಹಗ್ಗವೂ ಅದೇ,
ತಾರೀಖು ಕೇಳುವ ಪೈಕಿಯಲ್ಲ.

ಹೋಟೆಲಿನ ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರ,
ಸಿನ್ಸ್, ಸಾವಿರದ ಒಂಬೈನೂರ ಮೂವತ್ತೊಂಬತ್ತು.
ಹುಣಿಸೆಹಣ್ಣು ಹಾಕಿ ಅದನ್ನು ತಿಕ್ಕುವುದು
ಶನಿವಾರ ಐತಪ್ಪನ ಪಾಳಿ.
ಸ್ಟೂಲು ಹಿಡಿಯುವುದು ನಾನು.
'ಇದು ಧಣಿಗಳ ಮೊಳೆ' ಅಂದ ಮೇಲಿನಿಂದ,
ಒಂಬತ್ತರ ಹೊಟ್ಟೆಯೊಳಗೆ ಬೆರಳು ತೂರಿಸಿ
ಹಸಿರು ಕಿಲುಬು ತೆಗೆಯುತ್ತ.

ಪರೀಕ್ಷೆಗೆ ಬಂತು: ಸಿನ್ಸ್ ಬಳಸಿ ಸ್ವಂತ ವಾಕ್ಯ ಬರೆಯಿರಿ.
ಐತಪ್ಪ ಬರೆದಿದ್ದ, ಹ್ಯಾವ್ ಬೀನ್ ಎಲ್ಲ ಸರಿಯಾಗಿಯೇ,
ಸಿನ್ಸ್‌ವರೆಗೆ ಇಂಗ್ಲಿಷು.
ಆಮೇಲೆ ಕನ್ನಡದಲ್ಲಿ, ದುಂಡಗೆ:
ಕಲ್ಲಂಗಡಿ.

ಮಾಸ್ತರು ಅರ್ಧ ಮಾರ್ಕು ಕೊಟ್ಟಿದ್ದರು.
ಯಾವ ಅರ್ಧಕ್ಕೆ ಅಂತ ಹೇಳಲಿಲ್ಲ.