ಕಲಾಯಿ

ಕೋಲಾರದ ಕ್ಲಾಕ್ ಟವರಿನ ಹಿಂದೆ ಅಬ್ಬಾ ತಿದಿ ಒತ್ತುತ್ತಿದ್ದರು;
ತಾಮ್ರದ ಹಂಡೆಯೊಳಗೆ ನವಸಾಗರದ ಹೊಗೆ,
ಹತ್ತಿಯುಂಡೆ ಒಂದು ಸುತ್ತು ಓಡಿತೋ
ತವರಕ್ಕೆ ಬೆಳದಿಂಗಳು.

ನಾನೀಗ ಗಾಜಿಗೆ ಕಲಾಯಿ ಹಾಕುತ್ತೇನೆ.
ಅದೇ ತಾಮ್ರ, ಅದೇ ತವರ, ಜೊತೆಗೆ ಸತು,
ಪಟಾಕಿಯ ಗಂಧಕ.
ಕುಲುಮೆ ತೆರೆದರೆ ಕೊಳೆತ ಮೊಟ್ಟೆಯ ವಾಸನೆ;
ಅಟೆಂಡರ್ ಚೌಡಪ್ಪ ಮೂಗು ಮುಚ್ಚಿ,
"ಏನಮ್ಮಾ ಮುಬೀನಾ, ಚಿನ್ನದ ಸೀಮೇಲಿ
ಗುಜರಿ ಸಾಮಾನು ಬೇಯಿಸ್ತೀಯಾ?" ಅಂತಾರೆ.

ಹೌದಣ್ಣಾ, ಗುಜರಿಯೇ.
ಮೈಲಿ ಆಳಕ್ಕೆ ಇಳಿಯದೆ ಸಿಗುವಂಥದ್ದು.

ನಿನ್ನೆ ಒಂಬತ್ತನೇ ಚೂರಿಗೆ ಬಿಸಿಲು ತೋರಿಸಿದೆ.
ನೂರು ಪಾಲಿನಲ್ಲಿ ನಾಲ್ಕು ಪಾಲು ಹಿಡಿಯಿತು,
ಉಳಿದದ್ದು ಸೋರಿತು.
ಅಬ್ಬಾ ಅದನ್ನು ತಿರುಗಿಸಿ ನೋಡಿ,
ಅಂಚನ್ನು ಉಗುರಿನಿಂದ ಕೆರೆದು ಹೇಳಿದರು:
"ಪಾತ್ರೆ ಸರಿಯಾಗಿ ಉಜ್ಜಿಲ್ಲ ಮಗಳೇ."