ಹಾಲುಕ್ಕಿದ ಮನೆ

ಡುಲೂತ್, ಐವತ್ತೆಂಟರ ಜನವರಿ.
ಸರೋವರ ಹೆಪ್ಪುಗಟ್ಟುವ ಸದ್ದು,
ನಿದ್ದೆಯಲ್ಲಿ ಯಾರೋ ಹಲ್ಲು ಕಡಿದ ಹಾಗೆ.
ಅಪ್ಪ ಕಾರಿನ ದೀಪ ಆರಿಸಿಯೇ ನನ್ನನ್ನು ಇಳಿಸಿದ.
ಊರಿಗೆಲ್ಲ ಹೇಳಿಯಾಗಿತ್ತು: ಮಾರ್ಲಿಸ್ ಫಾರ್ಗೋದಲ್ಲಿದ್ದಾಳೆ,
ಚಿಕ್ಕಮ್ಮನಿಗೆ ಮೈ ಹುಷಾರಿಲ್ಲ.

ಬೂಟಿನ ಜೊತೆ ಹೆಸರನ್ನೂ ಬಾಗಿಲಲ್ಲೇ ಬಿಡಿಸಿದರು.
"ಇಲ್ಲಿ ನೀನು ರೂತ್" ಎಂದಳು ಮಿಸೆಸ್ ಹಾಲ್ವರ್ಸನ್.
ರಾತ್ರಿ ಮಂಚದ ಪಟ್ಟಿಯ ಮೇಲೆ ಕೈಯಾಡಿಸಿದೆ,
ಉಗುರಲ್ಲಿ ಕೆತ್ತಿದ್ದು ಬೆರಳಿಗೆ ಸಿಕ್ಕಿತು:
ರೂತ್. ಅದರ ಕೆಳಗೆ ರೂತ್. ಅದರ ಕೆಳಗೂ.
ಹನ್ನೊಂದು ಕೈಬರಹ.

ಶನಿವಾರ ಪೇಟೆಗೆ ಹೊರಟರೆ
ಬಿಸ್ಕತ್ತಿನ ಡಬ್ಬಿ ಮುಂದೆ ಹಿಡಿಯುವರು, ಹಿತ್ತಾಳೆ ಉಂಗುರಗಳು.
ಕೇಳಿದರೆ, ಗಂಡ ನೌಕಾಪಡೆಯಲ್ಲಿದ್ದಾನೆ ಅನ್ನಿ.
ನನಗೆ ಸಿಕ್ಕಿದ್ದು ಬೆಚ್ಚಗಿತ್ತು,
ಈಗಷ್ಟೇ ಯಾರೋ ಬಿಚ್ಚಿಟ್ಟ ಹಾಗೆ.

ಹೆತ್ತವಳಿಗೆ ಮಗು ತೋರಿಸುವುದಿಲ್ಲ.
ಮುಖದ ಮೇಲೊಂದು ಟವೆಲು.
ಅಳುವೊಂದು ಕಾರಿಡಾರಿನುದ್ದ ನಡೆದು ನಡೆದು
ಯಾವುದೋ ಬಾಗಿಲ ಹಿಂದೆ ನಿಂತುಹೋಗುತ್ತದೆ.
ಆಮೇಲೆ ಉಸಿರು ಕಟ್ಟುವಂತೆ ಎದೆಗೆ ಬಟ್ಟೆ ಬಿಗಿಯುವರು,
ಹಾಲು ಬತ್ತಲಿ ಎಂದು.

ಬತ್ತಿದ ಹಾಲು ಎಲ್ಲಿಗೆ ಹೋಗುತ್ತದೆ?
ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮೊದಲು ಕಂಡದ್ದು ಟ್ವೈಲಾಗೆ
(ಅಲ್ಲಿ ಅವಳು ಎಸ್ತರ್; ನಿಜದ ಹೆಸರನ್ನು ನನ್ನ ಕಿವಿಗೆ ಮಾತ್ರ ಕೊಟ್ಟಿದ್ದಳು).
ಬಟ್ಟೆ ಒಗೆಯುವ ಕೋಣೆಯ ನಲ್ಲಿಯಲ್ಲಿ ನೀರು ಮಬ್ಬಾಯಿತು, ಉಗುರುಬೆಚ್ಚಗೆ.
ಆಮೇಲೆ ರೇಡಿಯೇಟರಿನ ಕೀಲುಗಳಲ್ಲಿ,
ಗೋಡೆ ಕಾಗದದ ಗುಲಾಬಿಗಳ ನಡುವೆ,
ಹನಿ, ಮತ್ತೆ ಹನಿ. ಹಸುಗೂಸಿನ ಬಾಯ ವಾಸನೆ.
ಒರೆಸಿದೆವು. ಒರೆಸಿದಷ್ಟೂ ಬಂತು.
ಮೆಟ್ಟಿಲ ಬಳಿ ಬಂದು ತಡೆದು ನಿಂತಿತು,
ಮೂಸಿ ನೋಡುವ ಹಾಗೆ.
ಮತ್ತೆ, ಕೆಳಗಿಳಿಯಲಿಲ್ಲ, ಮೇಲಕ್ಕೆ ಹರಿಯಿತು
ಒಂದೊಂದೇ ಮೆಟ್ಟಿಲು ಹತ್ತಿ
ದತ್ತಕದ ಕಡತಗಳಿದ್ದ ಕೋಣೆಗೆ.

ಬೆಳಿಗ್ಗೆ ಮಿಸೆಸ್ ಹಾಲ್ವರ್ಸನ್ ಕುರ್ಚಿಯಲ್ಲೇ ಇದ್ದಳು.
ತೆರೆದ ಬಾಯಿ ತುಟಿಯಂಚಿನವರೆಗೂ ತುಂಬಿ
ಮೇಲೆ ಕೆನೆ ಕಟ್ಟಿತ್ತು.
ಹೃದಯಾಘಾತ ಎಂದು ಡಾಕ್ಟರು ಬರೆದುಕೊಂಡರು.
ನೆಲ ತೊಳೆದದ್ದು ನಾವೇ.
ಕಡತಗಳಲ್ಲಿ ಒಂದಕ್ಷರವೂ ಉಳಿದಿರಲಿಲ್ಲ.
ನನ್ನ ಮಗು ಹೋದ ಊರೂ
ನನ್ನ ಹಾಲಿನಲ್ಲೇ ಕರಗಿಹೋಯಿತು.

ಈಗ ಎಂಬತ್ತು ದಾಟಿದೆ. ಎರಡೂ ಮೊಲೆಗಳನ್ನು
ಆಸ್ಪತ್ರೆಯವರು ತೆಗೆದು ಒಂಬತ್ತು ವರ್ಷ.
ಆದರೂ ಮಾರ್ಚಿ ಹನ್ನೊಂದರ ಮುಂಜಾನೆ
ಅಂಗಿಯ ಎದೆ ಒದ್ದೆ.

ಉಂಗುರ ಬೆರಳು ಬಿಟ್ಟು ಬಂದಿಲ್ಲ.
ಮುಟ್ಟಿ ನೋಡು, ಬೆಚ್ಚಗಿದೆ.